ಸಂಡೇ ಆರಾಧನೆಗೆ ಹಾಡು ಆರಿಸೋದು ಹೆಂಗ

ರಾಯಚೂರು ಕಡೆ ಚರ್ಚ್‌ನಾಗ ಕ್ವಾಯರ್ ನಡಸೋರು ಹಾಡಿನ ಲಿಸ್ಟ್ ಮಾಡೋಕಿಂತ ಮುಂಚೆ ಬೈಬಲ್‌ನಾಗ ಆಮೋಸ ಅನ್ನೋ ಪ್ರವಾದಿ ಪುಸ್ತಕದ 6ನೇ ಅಧ್ಯಾಯ ಒಮ್ಮೆ ಓದ್ರಿ. ದಂತದ ಮಂಚದ ಮ್ಯಾಲೆ ಬಿದ್ಕೊಂಡು, ಕುರಿಮರಿ ಮಾಂಸ ತಿಂದು, ಬೋಗುಣಿಗಟ್ಲೆ ದ್ರಾಕ್ಷಾರಸ ಕುಡ್ದು, ನಾವೂ ದಾವೀದ ರಾಜನಂಗ ವಾದ್ಯ ನುಡಿಸ್ತೀವಿ ಅಂತ ಮೆರೆಯೋ ಮಂದಿಗೆ ಪ್ರವಾದಿ ಬೈತಾನ, ಯಾಕಂದ್ರ ತಮ್ಮ ಜನ ಹಾಳಾಗಿ ಹೊಂಟಿದ್ರೂ ಅವ್ರಿಗೆ ಚಿಂತಿ ಇಲ್ಲ. ಯೆಶಾಯ 5ರಾಗೂ ಅದೇ, ಕಿನ್ನರಿ ದಮ್ಮಡಿ ಕೊಳಲು ಎಲ್ಲಾ ಐತಿ, ದೇವ್ರ ಕೆಲಸದ ಕಡೆ ನೋಟ ಇಲ್ಲ.

ಅವೇ ವಾದ್ಯ ಕೀರ್ತನೆ 150ರಾಗ ಸ್ತುತಿಗೆ ಬರ್ತಾವು, ಹಂಗಾಗಿ ಡ್ರಮ್ಸ್ ಬೇಕೋ ಬ್ಯಾಡೋ ಅಂತ ಜಗಳ ತೆಗೀಬ್ಯಾಡ್ರಿ, ಟೈಮ್ ವೇಸ್ಟ್.

ಪ್ರಾಕ್ಟೀಸ್ ಬಿಡಬ್ಯಾಡ್ರಿ. 1 ಪೂರ್ವಕಾಲವೃತ್ತಾಂತ 25ರಾಗ ದಾವೀದನ ಕಾಲದ ಹಾಡುಗಾರರ ಮುಖ್ಯಸ್ಥರು ಆಸಾಫ, ಹೇಮಾನ, ಯೆದುತೂನ ಇವ್ರ ಕೈಕೆಳಗ ಕಲ್ತೋರು 288 ಮಂದಿ, 12 ಮಂದಿದು ಒಂದರಂಗ 24 ತಂಡ, ಗುರು ಶಿಷ್ಯ ಅನ್ನದೆ ಚೀಟಿ ಹಾಕಿ ಪಾಳಿ ಹಂಚಿದ್ರು. ನೀವೂ ಸೋಲೋ ಹಾಡೋರಿಗೆ ಚೀಟಿ ಹಾಕ್ರಿ, ಚಲೋ ದನಿ ಇರೋರು ಸಿಟ್ಟಾಗ್ತಾರ, ಆಗ್ಲಿ ಬಿಡ್ರಿ.

ಆಮೋಸ 5ರಾಗ ದೇವ್ರು ನಿಮ್ಮ ಹಾಡಿನ ಗದ್ಲ ತೆಗೀರಿ, ನ್ಯಾಯ ಹೊಳೆಯಂಗ ಹರೀಲಿ ಅಂತಾನ, ಅದಕ್ಕ ಹತ್ತಿ ಬಿಡಿಸಿದೋರ ಕೂಲಿ ಬಾಕಿ ಇದ್ರ ಶನಿವಾರನೇ ಕೊಟ್ಟು ಬರ್ರಿ.

ಕಡೀಕ ಮೈಕ್ ಆಫ್ ಮಾಡಿ ಹಾಡಿ ನೋಡ್ರಿ, ಹಿಂದಿನ ಸಾಲಿನ ಅಜ್ಜಿ ಕೂಡ ಹಾಡಾಕ ಆಗ್ಲಿಲ್ಲಂದ್ರ ಕೀಬೋರ್ಡಿನಾಗ ಶ್ರುತಿ ಇಳಿಸ್ರಿ.