ನಾಲ್ಕು ಕಮಾಂಡ್ ಕೊಟ್ಟೆ, ಲಾಗಿನಲ್ಲಿ ಎಂಟು ಸಾಲು

ಸುಮ್ನೆ ಕಲಿಯಲು ಅಂತ ಸಿ ಭಾಷೆಯಲ್ಲಿ ಪುಟ್ಟದೊಂದು ಶೆಲ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ) ಬರೆಯಲು ಕೂತೆ, ಲಿನಕ್ಸ್‌ನಲ್ಲಿ. ಕಮಾಂಡ್ ಓದು, ಫೋರ್ಕ್ ಮಾಡು (ಓಡುತ್ತಿರುವ ಪ್ರೋಸೆಸ್‌ನ ನಕಲು ತೆಗೆ; ಮೂಲ ಪೇರೆಂಟ್, ನಕಲು ಚೈಲ್ಡ್), ಚೈಲ್ಡ್‌ನಲ್ಲಿ ಎಕ್ಸೆಕ್ ಮಾಡು (ಅದರ ಜಾಗದಲ್ಲಿ ಕಮಾಂಡಿನ ಪ್ರೋಗ್ರಾಂ ಓಡಿಸು), ಪೇರೆಂಟ್‌ನಲ್ಲಿ ವೇಟ್ ಮಾಡು (ಚೈಲ್ಡ್ ಮುಗಿಯುವ ತನಕ ಕಾಯು). ಇಷ್ಟೇ ಅಲ್ವಾ? ಅಷ್ಟನ್ನು ಬರೆಯಲು ಒಂದು ಗಂಟೆ ಸಾಕಾಯಿತು. ಫೋರ್ಕ್ ಏನೇನನ್ನು ನಕಲು ಮಾಡುತ್ತದೆ ಅಂತ ತಿಳಿಯುವುದಕ್ಕೆ ಮಾತ್ರ ಎರಡು ದಿನ ಹೋಯಿತು.

ಫೋರ್ಕ್ ಅನ್ನು ಒಂದು ಸಲ ಕರೆದರೆ ಅದು ಎರಡು ಕಡೆ ಹಿಂತಿರುಗುತ್ತದೆ. ಚೈಲ್ಡ್‌ಗೆ 0 ಸಿಗುತ್ತದೆ, ಪೇರೆಂಟ್‌ಗೆ ಚೈಲ್ಡ್‌ನ ಪಿಐಡಿ, ಅಂದರೆ ಪ್ರೋಸೆಸ್‌ನ ಗುರುತಿನ ಸಂಖ್ಯೆ, ಸಿಗುತ್ತದೆ. ಆಗಲಿಲ್ಲ ಅಂದರೆ -1. ಈ -1 ಬಂತಾ ಅಂತ ನೋಡುವುದನ್ನು ದಯವಿಟ್ಟು ಬಿಡಬೇಡಿ. ಅದನ್ನೇ ಪಿಐಡಿ ಅಂದುಕೊಂಡು ಮುಂದೆ ಕಿಲ್‌ಗೆ (ಪ್ರೋಸೆಸ್‌ಗೆ ಸಿಗ್ನಲ್ ಕಳಿಸುವ ಕರೆ) ಕೊಟ್ಟರೆ, ನಿಮ್ಮ ಹೆಸರಿನಲ್ಲಿ ಓಡುತ್ತಿರುವ ಎಲ್ಲ ಪ್ರೋಸೆಸ್‌ಗಳಿಗೂ ಸಿಗ್ನಲ್ ಹೋಗುತ್ತದೆ. ನನ್ನ ಇಡೀ ಡೆಸ್ಕ್‌ಟಾಪ್ ಹಾಗೇ ಒಂದು ಸಲ ಮಾಯವಾಯಿತು.

ಇನ್ನು ಲಾಗಿನ ಕಥೆ. ಪ್ರತಿ ಫೋರ್ಕ್‌ಗೂ ಮೊದಲು ಕಮಾಂಡಿನ ಹೆಸರನ್ನು ಸ್ಕ್ರೀನ್ ಮೇಲೆ ಬರೆಸುತ್ತಿದ್ದೆ. ಎಲ್ಲ ಸರಿಯಾಗಿತ್ತು. ಆಮೇಲೆ ಅದನ್ನು ಒಂದು ಲಾಗ್ ಫೈಲ್‌ಗೆ ತಿರುಗಿಸಿದೆ. ನಾಲ್ಕು ಕಮಾಂಡ್ ಕೊಟ್ಟೆ, ನಾಲ್ಕನೆಯದರಲ್ಲಿ ಸ್ಪೆಲಿಂಗ್ ತಪ್ಪಿತ್ತು. ಶೆಲ್ ಮುಚ್ಚಿ ಫೈಲ್ ತೆರೆದರೆ ಎಂಟು ಸಾಲು! ಒಂದರಿಂದ ನಾಲ್ಕು, ಮತ್ತೆ ಒಂದರಿಂದ ನಾಲ್ಕು. ಸ್ಪೆಲಿಂಗ್ ಸರಿ ಮಾಡಿ ಓಡಿಸಿದರೆ ನಾಲ್ಕೇ ಸಾಲು. ತಪ್ಪು ಕಮಾಂಡಿಗೂ ಹಳೆಯ ಸಾಲುಗಳು ಮತ್ತೆ ಬರುವುದಕ್ಕೂ ಏನು ಸಂಬಂಧ?

ಪ್ರೋಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸ್ಟ್ರೇಸ್‌ನಲ್ಲಿ ಚೈಲ್ಡ್‌ಗಳನ್ನೂ ಹಿಂಬಾಲಿಸುವಂತೆ ಹೇಳಿ ನೋಡಿದೆ. (ಅಲ್ಲಿ ಫೋರ್ಕ್ ಅಂತ ಹುಡುಕಿದರೆ ಸಿಗಲಿಲ್ಲ, ಕ್ಲೋನ್ ಅಂತ ಇತ್ತು. ಸಿ ಲೈಬ್ರರಿಯಾದ ಗ್ಲಿಬ್‌ಸಿ ಫೋರ್ಕ್‌ಗಾಗಿ ಒಳಗೊಳಗೇ ಕ್ಲೋನ್ ಅನ್ನು ಕರೆಯುತ್ತದೆ.) ಮೊದಲ ನಾಲ್ಕು ಸಾಲನ್ನು ಫೈಲ್‌ಗೆ ಬರೆದದ್ದು ಚೈಲ್ಡ್!

ಆಗ ಹೊಳೆಯಿತು. ಸ್ಕ್ರೀನ್‌ಗೆ ಬರೆಯುವಾಗ ಸಾಲು ಮುಗಿದ ಕೂಡಲೇ ಅದು ಹೊರಗೆ ಹೋಗುತ್ತದೆ. ಫೈಲ್‌ಗಾದರೆ ಬಫರ್ (ಬರೆಯಬೇಕಾದದ್ದನ್ನು ಕೂಡಿಡುವ ಜಾಗ) ತುಂಬುವ ತನಕ, ಸಾಮಾನ್ಯವಾಗಿ 4096 ಬೈಟ್ ಆಗುವ ತನಕ, ನಮ್ಮ ಪ್ರೋಸೆಸ್‌ನ ಮೆಮೊರಿಯಲ್ಲೇ ಕೂತಿರುತ್ತದೆ. ಫೋರ್ಕ್ ಮಾಡಿದಾಗ ಆ ಬಫರ್ ಕೂಡ ನಕಲಾಗುತ್ತದೆ. ಎಕ್ಸೆಕ್ ಗೆದ್ದರೆ ಹಳೆಯ ಮೆಮೊರಿ ಪೂರ್ತಿ ಹೋಗುತ್ತದೆ, ಅದರ ಜೊತೆ ಬಫರ್‌ನ ನಕಲೂ ಹೋಗುತ್ತದೆ. ಸೋತರೆ ಮಾತ್ರ ಎಕ್ಸೆಕ್ ಹಿಂತಿರುಗುತ್ತದೆ. ಆಗ ನಾನು ಎಕ್ಸಿಟ್ ಕರೆಯುತ್ತಿದ್ದೆ. ಎಕ್ಸಿಟ್ ಹೋಗುವ ಮೊದಲು ಬಫರ್‌ನಲ್ಲಿದ್ದದ್ದನ್ನೆಲ್ಲ ಶಿಸ್ತಾಗಿ ಬರೆದು ಹೋಗುತ್ತದೆ. ಕೊನೆಗೆ ಪೇರೆಂಟ್ ಕೂಡ ತನ್ನ ಪ್ರತಿಯನ್ನು ಬರೆಯುತ್ತದೆ. ನಾಲ್ಕು ಮತ್ತು ನಾಲ್ಕು, ಎಂಟು.

ಮದ್ದು ಎರಡು ಸಾಲಿನದು. ಫೋರ್ಕ್‌ಗೆ ಮೊದಲು ಬಫರ್ ಖಾಲಿ ಮಾಡುವ ಎಫ್‌ಫ್ಲಶ್. ಎಕ್ಸೆಕ್ ಸೋತ ಚೈಲ್ಡ್‌ನಲ್ಲಿ ಎಕ್ಸಿಟ್ ಬದಲು, ಬಫರ್ ಬರೆಯದೆ ಹೋಗುವ, ಅಂಡರ್‌ಸ್ಕೋರ್ ಇರುವ ಎಕ್ಸಿಟ್, ಕೋಡ್ 127. ಕಮಾಂಡ್ ಸಿಗದಿದ್ದಾಗ ಶೆಲ್‌ಗಳು ಕೊಡುವುದು ಅದನ್ನೇ.

ಇದಾದ ಮೇಲೆ ಪೈಪ್ (ಒಂದು ಕಮಾಂಡಿನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಸಾಗಿಸುವ ಕೊಳವೆ) ಸೇರಿಸಿದೆ. ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ನ ಔಟ್‌ಪುಟ್ ಅನ್ನು ಸಾಲು, ಪದ ಎಣಿಸುವ ಡಬ್ಲ್ಯುಸಿಗೆ ಕೊಟ್ಟೆ. ಎಲ್‌ಎಸ್ ಮುಗಿಯಿತು, ಡಬ್ಲ್ಯುಸಿ ಮಾತ್ರ ಏಳಲೇ ಇಲ್ಲ. ಈ ಸಲ ಪ್ರೊಕ್ ಡೈರೆಕ್ಟರಿಯಲ್ಲಿ ಅದರ ಪಿಐಡಿ ಹುಡುಕಿ, ಅದು ತೆರೆದಿಟ್ಟಿರುವ ಫೈಲ್, ಪೈಪ್‌ಗಳ ಸಂಖ್ಯೆಗಳಿರುವ ಎಫ್‌ಡಿ ಫೋಲ್ಡರ್ ಒಳಗೆ ಇಣುಕಿದೆ. 0, 1, 2 ಇರಬೇಕಾದ ಕಡೆ 4 ಕೂಡ ಇತ್ತು. ಅದು ಅದೇ ಪೈಪ್‌ನ ಬರೆಯುವ ತುದಿ. ಬರೆಯುವ ತುದಿ ಎಲ್ಲಿಯಾದರೂ ಒಂದು ತೆರೆದಿದ್ದರೂ ಓದುವವನಿಗೆ ‘ಮುಗಿಯಿತು’ ಅಂತ ಗೊತ್ತಾಗುವುದಿಲ್ಲ. ಅಂದರೆ ಪಾಪ, ಡಬ್ಲ್ಯುಸಿ ತಾನೇ ಏನಾದರೂ ಬರೆಯಬಹುದು ಅಂತ ತನಗಾಗಿಯೇ ಕಾಯುತ್ತಿತ್ತು!

ಚೈಲ್ಡ್‌ನಲ್ಲಿ 4 ಅನ್ನು ಮುಚ್ಚಿದೆ. ಆದರೂ ಏಳಲಿಲ್ಲ. ಪೇರೆಂಟ್‌ನಲ್ಲೂ ಒಂದು 4 ಇತ್ತು. ಅದನ್ನೂ ಮುಚ್ಚಿದ ಮೇಲೆ ಉತ್ತರ ಬಂತು. ಈಗ ಪೈಪ್2 ಬಳಸಿ ಕ್ಲೋಸ್-ಆನ್-ಎಕ್ಸೆಕ್ (ಎಕ್ಸೆಕ್ ಆದಾಗ ತಾನಾಗಿಯೇ ಮುಚ್ಚು) ಗುರುತು ಹಾಕುತ್ತೇನೆ. ಚೈಲ್ಡ್‌ನ ತಲೆನೋವು ಅದರಿಂದ ತಪ್ಪುತ್ತದೆ. ಪೇರೆಂಟ್ ಎಕ್ಸೆಕ್ ಮಾಡುವುದಿಲ್ಲವಲ್ಲ, ಅಲ್ಲಿ ಕೈಯಾರೆ ಮುಚ್ಚಲೇಬೇಕು.

ಸಿಡಿ ಕಮಾಂಡ್ ಕೆಲಸ ಮಾಡದಿದ್ದಾಗ ಮಾತ್ರ ಜಾಸ್ತಿ ತಲೆ ಕೆರೆದುಕೊಳ್ಳಲಿಲ್ಲ. ಡೈರೆಕ್ಟರಿ ಬದಲಾದದ್ದು ಚೈಲ್ಡ್‌ನ ನಕಲಿನಲ್ಲಿ, ಚೈಲ್ಡ್ ಸತ್ತರೆ ಅದೂ ಹೋಯಿತು. ಸಿಡಿಯನ್ನು ಫೋರ್ಕ್ ಇಲ್ಲದೆ ಶೆಲ್ ಒಳಗೇ ಮಾಡಿದೆ.

ಈಗ ಉಳಿದಿರುವುದು ಕಂಟ್ರೋಲ್-ಸಿ. ಓಡುತ್ತಿರುವ ಕಮಾಂಡ್ ನಿಲ್ಲಿಸಲು ಒತ್ತಿದರೆ ನನ್ನ ಶೆಲ್ ಕೂಡ ಸಾಯುತ್ತಿದೆ. ಅದರ ಸಿಗ್ನಲ್ ಹೋಗುವುದು ಇಡೀ ಪ್ರೋಸೆಸ್ ಗ್ರೂಪ್‌ಗೆ, ಚೈಲ್ಡ್‌ಗೆ ಆ ಗ್ರೂಪ್ ಕೂಡ ಪೇರೆಂಟ್‌ನಿಂದಲೇ ಬರುತ್ತದೆ ನೋಡಿ.