ಧ್ವನಿಮುದ್ರಣದ ನಡುವೆ ಬರುವ ‘ಟಿಕ್’ ಸದ್ದು: ವಿಂಡೋಸ್‌ನ ವಿದ್ಯುತ್ ಉಳಿತಾಯವನ್ನು ಹದಕ್ಕೆ ತರುವ ಬಗೆ

ಮನೆಯಲ್ಲೇ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಸಾಧನ) ಇಟ್ಟುಕೊಂಡು ಧ್ವನಿಮುದ್ರಣ ಮಾಡುವವರನ್ನು ಎರಡು ತೊಂದರೆಗಳು ಕಾಡುತ್ತವೆ. ಮುದ್ರಿಸಿದ ದನಿಯಲ್ಲಿ ಅಲ್ಲಲ್ಲಿ ‘ಟಿಕ್’ ಎಂಬ ಸದ್ದು ಸೇರಿಕೊಳ್ಳುವುದು ಒಂದು; ಹಾಡು ಅರ್ಧಕ್ಕೆ ಬಂದಾಗ ಇಂಟರ್‌ಫೇಸ್ ಸಂಪರ್ಕ ಕಡಿದುಕೊಳ್ಳುವುದು ಅಥವಾ ಕಂಪ್ಯೂಟರೇ ನಿದ್ರೆಗೆ ಜಾರುವುದು ಇನ್ನೊಂದು. ಇಂಥ ಹೊತ್ತಿನಲ್ಲಿ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವುದರಲ್ಲಿ ನಾನೂ ಒಂದು ಭಾನುವಾರವನ್ನು ಕಳೆದಿದ್ದೇನೆ, ತಪ್ಪು ಅಲ್ಲಿರಲಿಲ್ಲ; ವಿಂಡೋಸ್‌ನ ವಿದ್ಯುತ್ ಉಳಿತಾಯದಲ್ಲಿತ್ತು.

ಕಂಪ್ಯೂಟರ್ ದನಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ಸಂಸ್ಕರಿಸುತ್ತದೆ; ಒಂದು ಕಂತಿನ ಗಾತ್ರವನ್ನು ಬಫರ್ ಎನ್ನುತ್ತಾರೆ. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ದನಿಯ 48,000 ಅಳತೆಗಳನ್ನು (ಸ್ಯಾಂಪಲ್‌ಗಳನ್ನು) ತೆಗೆಯುವಾಗ, ಬಫರ್ ಅನ್ನು 128 ಸ್ಯಾಂಪಲ್‌ಗಳಿಗೆ ಇಟ್ಟರೆ, ಪ್ರತಿ ಕಂತನ್ನು ಮುಗಿಸಲು ಪ್ರೊಸೆಸರ್‌ಗೆ ಸಿಗುವ ಸಮಯ ಸುಮಾರು 2.67 ಮಿಲಿಸೆಕೆಂಡು ಮಾತ್ರ. ಕೆಲಸ ಕಡಿಮೆಯಿದೆಯೆಂದು ವೇಗ ತಗ್ಗಿಸಿಕೊಂಡ ಅಥವಾ ಮಂಪರಿಗೆ ಜಾರಿದ ಪ್ರೊಸೆಸರ್ ಎಚ್ಚೆತ್ತು ವೇಗ ಹಿಡಿಯುವುದು ತುಸು ತಡವಾದರೂ ಆ ಕಂತು ತಪ್ಪಿಹೋಗುತ್ತದೆ. ನಮ್ಮ ಕಿವಿಗೆ ಅದೇ ‘ಟಿಕ್’ ಎಂದು ಕೇಳಿಸುತ್ತದೆ.

ಮುದ್ರಣ ನಿಂತುಹೋದದ್ದಾದರೆ, ಮೊದಲು ಈವೆಂಟ್ ವ್ಯೂವರ್ (ವಿಂಡೋಸ್‌ನಲ್ಲಿ ನಡೆದುದರ ದಾಖಲೆ ತೋರಿಸುವ ತಂತ್ರಾಂಶ) ತೆರೆದು ಸಿಸ್ಟಮ್ ದಾಖಲೆಯಲ್ಲಿ ‘ಕರ್ನಲ್ ಪವರ್’ ಮೂಲದ 42ನೇ ಸಂಖ್ಯೆಯ ನಮೂದನ್ನು, ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೊಸ ಬಗೆಯ ಹಗುರ ನಿದ್ರೆ ಇರುವ ಯಂತ್ರವಾದರೆ 506ನೆಯದನ್ನು, ಹುಡುಕಿ. ಆ ನಮೂದಿನ ಸಮಯವೂ ಮುದ್ರಣ ನಿಂತ ಸಮಯವೂ ಒಂದೇ ಆಗಿದ್ದರೆ ಕಂಪ್ಯೂಟರ್ ನಿದ್ರೆಗೆ ಹೋಗಿತ್ತು ಎಂದೇ ಅರ್ಥ. ಮುಂದಿನ ಸಲ ಮುದ್ರಣ ನಡೆಯುತ್ತಿರುವಾಗಲೇ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘powercfg /requests’ ಎಂದು ಟೈಪ್ ಮಾಡಿ, ಎಂಟರ್ ಒತ್ತಿ. ಕಂಪ್ಯೂಟರನ್ನು ಎಚ್ಚರವಾಗಿಡುವಂತೆ ಕೋರಿರುವ ತಂತ್ರಾಂಶ ಮತ್ತು ಡ್ರೈವರ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ ನಿಮ್ಮ ಮುದ್ರಣಕ್ಕೆ ಸಂಬಂಧಿಸಿದ ಹೆಸರು ಕಾಣದಿದ್ದರೆ, ಹತ್ತು ಹದಿನೈದು ನಿಮಿಷ ಯಾರೂ ಕೀಲಿಮಣೆ ಮುಟ್ಟದಿದ್ದಾಗ ವಿಂಡೋಸ್ ಯಂತ್ರವನ್ನು ಮಲಗಿಸಿಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಪರಿಹಾರಕ್ಕಾಗಿ ಈಗಿರುವ ಪವರ್ ಪ್ಲ್ಯಾನನ್ನು (ವಿದ್ಯುತ್ ಬಳಕೆಯ ಸೆಟ್ಟಿಂಗ್‌ಗಳ ಗುಂಪನ್ನು) ಕೆಡಿಸಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಮುದ್ರಣ’ ಎಂಬ ಹೆಸರಿನ ಹೊಸ ಪ್ಲ್ಯಾನ್ ಮಾಡಿಕೊಂಡು, ಚಾರ್ಜರ್ ಹಾಕಿರುವಾಗ ನಿದ್ರೆ ‘ನೆವರ್’ ಎಂದಿರಲಿ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ಬಳಕೆಯಲ್ಲಿಲ್ಲದ ಯುಎಸ್‌ಬಿ ಸಾಧನವನ್ನು ಮಲಗಿಸುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ಡಿಸೇಬಲ್ ಮಾಡಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣಿಸುವುದೇ ಇಲ್ಲ. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದೆಂಬ ಸಾಲಿನ ಮುಂದಿರುವ ಗುರುತನ್ನು ತೆಗೆಯಿರಿ.

‘ಟಿಕ್’ ಸದ್ದು ಇನ್ನೂ ಉಳಿದಿದ್ದರೆ ಮಾತ್ರ, ಅದೇ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿರುವ ಪ್ರೊಸೆಸರ್‌ನ ಕನಿಷ್ಠ ಮಟ್ಟವನ್ನು (‘ಮಿನಿಮಮ್ ಪ್ರೊಸೆಸರ್ ಸ್ಟೇಟ್’) ಏರಿಸಿ. ಎಲ್ಲರೂ ಇದನ್ನು ನೇರವಾಗಿ ಶೇಕಡಾ 100ಕ್ಕೆ ಇಡಲು ಹೇಳುತ್ತಾರೆ. ನನಗೆ ಆ ಸಲಹೆ ಅಷ್ಟಾಗಿ ಹಿಡಿಸದು, ಏಕೆಂದರೆ ಯಂತ್ರ ಬಿಸಿಯೇರಿ ಫ್ಯಾನ್ ಜೋರಾಗಿ ತಿರುಗತೊಡಗಿದರೆ, ‘ಟಿಕ್’ ಸದ್ದಿನ ಬದಲು ಅದರ ಗಾಳಿಯ ಸದ್ದೇ ಮೈಕಿಗೆ ಬೀಳುತ್ತದೆ. 50ರಿಂದ ಆರಂಭಿಸಿ, ಪ್ರತಿ ಬದಲಾವಣೆಯ ನಂತರವೂ ಹತ್ತು ನಿಮಿಷ ಮುದ್ರಿಸಿ, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ. ಒಮ್ಮೆಗೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಬಫರನ್ನು 256ಕ್ಕೆ ಏರಿಸಿದರೆ ಸಿಗುವ ಸಮಯ ಇಮ್ಮಡಿಯಾಗುತ್ತದೆ. ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿ ಕಿರಿಕಿರಿಯಾಗದಿದ್ದರೆ ಅದಕ್ಕಿಂತ ಸುಲಭದ ದಾರಿಯಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸೆಟ್ಟಿಂಗ್‌ಗಳು ತಾವಾಗಿಯೇ ಹಳೆಯ ಸ್ಥಿತಿಗೆ ಮರಳುತ್ತಿದ್ದರೆ, ಲ್ಯಾಪ್‌ಟಾಪ್ ತಯಾರಕರೇ ಕೊಟ್ಟಿರುವ ಬ್ಯಾಟರಿ ಉಳಿತಾಯದ ತಂತ್ರಾಂಶವನ್ನು ಅನುಮಾನಿಸಿ, ಅದರೊಳಗೂ ಪರ್ಫಾರ್ಮೆನ್ಸ್ ಆಯ್ಕೆಯನ್ನು ಆರಿಸಿ. ಮುದ್ರಣ ಮುಗಿದ ಮೇಲೆ ‘ಬ್ಯಾಲೆನ್ಸ್ಡ್’ ಪ್ಲ್ಯಾನಿಗೆ ಮರಳಿದರೆ ಬ್ಯಾಟರಿಯೂ ಮೊದಲಿನಷ್ಟೇ ಹೊತ್ತು ಬರುತ್ತದೆ.