ಅಂಕೋರ್ ವಾಟ್: ಗೋಡೆ ನಿಮ್ಮ ಎಡಕ್ಕಿರಲಿ

ಕಾಂಬೋಡಿಯಾಕ್ಕೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಅಂಕೋರ್ ವಾಟ್‌ನ ಕೊಳದ ಮುಂದೆ ಸೂರ್ಯೋದಯದ ಫೋಟೊ ತೆಗೆದು, ಗೋಪುರ ಹತ್ತಿಳಿದು ಹೊರಟುಬಿಡುತ್ತಾರೆ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ಈ ವಿಷ್ಣು ದೇಗುಲದ ಜೀವಾಳ ಇರುವುದು ಹೊರಸುತ್ತಿನ ಮೊಗಸಾಲೆಯ ಉಬ್ಬುಶಿಲ್ಪಗಳಲ್ಲಿ. ಅದಕ್ಕೇ ಎರಡು ಗಂಟೆ ಮೀಸಲಿಡಿ.

1. ಮೂರು ದಿನದ ಪಾಸ್ (62 ಡಾಲರ್) ಕೊಳ್ಳಿ. ಒಂದು ದಿನದ್ದಕ್ಕೆ 37 ಡಾಲರ್. ಅದರಲ್ಲಿ ಓಟವೇ ಹೆಚ್ಚು. ಪಾಸಿನ ಮೇಲೆ ನಿಮ್ಮ ಫೋಟೊ ಇರುತ್ತದೆ, ಬೇರೆಯವರ ಪಾಸ್ ನಡೆಯುವುದಿಲ್ಲ.

2. ಸೂರ್ಯೋದಯ ಮುಗಿದೊಡನೆ ಪಶ್ಚಿಮದ ಬಾಗಿಲಿನಿಂದಲೇ ಒಳಗೆ ಹೋಗಿ. ಜನ ಕಡಿಮೆ ಎಂದು ಟುಕ್‌ಟುಕ್ ಚಾಲಕರು ಪೂರ್ವದ ದಾರಿ ತೋರಿಸಿದರೆ ಬೇಡವೆನ್ನಿ. ಅತ್ತಲಿಂದ ಹೋದರೆ ಶಿಲ್ಪಗಳ ಕಥೆ ನಡುವಿನಿಂದ ಶುರುವಾಗುತ್ತದೆ.

3. ಎಡವಟ್ಟಾಗುವುದು ಇಲ್ಲಿಯೇ. ಪ್ರದಕ್ಷಿಣೆಯ ಅಭ್ಯಾಸದಿಂದ ನಮ್ಮ ಕಾಲು ತಾನಾಗಿ ಎಡಕ್ಕೆ ಹೊರಳುತ್ತದೆ. ಇಲ್ಲಿ ಬಲಕ್ಕೆ ತಿರುಗಬೇಕು. ಶಿಲ್ಪದ ಗೋಡೆ ಸದಾ ಎಡಗೈ ಬದಿಗಿರಬೇಕು, ಅಂದರೆ ಅಪ್ರದಕ್ಷಿಣೆ. ಅದು ಉತ್ತರಕ್ರಿಯೆಯ ಕ್ರಮವಾದ್ದರಿಂದ ಇದನ್ನು ರಾಜನ ಸಮಾಧಿ ದೇಗುಲವೆಂದೂ ಹಲವು ವಿದ್ವಾಂಸರು ಎಣಿಸುತ್ತಾರೆ.

ಮೊದಲು ಸಿಗುವುದು ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು ನುಗ್ಗಿ ನಡುವೆ ಬೆರೆಯುತ್ತಾರೆ. ಶರಶಯ್ಯೆಯ ಭೀಷ್ಮ ಎಡತುದಿಯ ಹತ್ತಿರ, ಮೇಲ್ಸಾಲಿನಲ್ಲಿದ್ದಾನೆ. ತಲೆಯೆತ್ತದೆ ನಡೆದರೆ ತಪ್ಪಿಹೋಗುತ್ತಾನೆ. ಮೂಲೆಯ ಮಂಟಪವನ್ನು ದಾಟಿಕೊಂಡು ಓಡಬೇಡಿ: ವಾಲಿವಧೆ, ಗೋವರ್ಧನ ಎತ್ತಿದ ಕೃಷ್ಣ, ಕೈಲಾಸ ಅಲುಗಿಸುವ ರಾವಣ ಅಲ್ಲಿದ್ದಾರೆ. ದಕ್ಷಿಣದ ಸಾಲಿನಲ್ಲಿ ಸೂರ್ಯವರ್ಮನ ಮೆರವಣಿಗೆ, ಆಮೇಲೆ ಸ್ವರ್ಗ ನರಕಗಳು.

ಪೂರ್ವಕ್ಕೆ ತಿರುಗಿದರೆ ಸುಮಾರು 49 ಮೀಟರ್ ಉದ್ದದ ಸಮುದ್ರಮಂಥನ. ಬೆಳಗಿನ ಎಳೆಬಿಸಿಲು ಇತ್ತ ಬದಿಗೆ ಬೀಳುವುದರಿಂದಲೇ ಬೆಳಿಗ್ಗೆ ಬರಬೇಕು. ಮೊದಲು ಹಿಂದೆ ಸರಿದು ಇಡೀ ಸಾಲು ನೋಡಿ: ಎಡಕ್ಕೆ ವಾಸುಕಿಯ ಹೆಡೆಯ ಕಡೆ ಅಸುರರು, ನಡುವೆ ಕೂರ್ಮದ ಮೇಲೆ ಮಂದರ ಮತ್ತು ವಿಷ್ಣು, ಬಲಕ್ಕೆ ದೇವತೆಗಳು. ಆಮೇಲೆ ಹತ್ತಿರ ಹೋಗಿ ಕೆಳಪಟ್ಟಿ ನೋಡಿ. ಕಡೆಗೋಲಿನ ಬಳಿಯ ಮೀನು, ಮೊಸಳೆಗಳು ತುಂಡಾಗಿ ಚಿಮ್ಮುತ್ತಿವೆ. ವಾಸುಕಿಯ ಬಾಲದ ತುದಿ ಹಿಡಿದವನು ಹನುಮಂತ! ನಮ್ಮ ಪುರಾಣದ ಮಂಥನದಲ್ಲಿ ಅವನಿಲ್ಲ. ಮುಟ್ಟಬೇಡಿ, ಕೈಸೋಕಿ ಸೋಕಿ ಎಷ್ಟೋ ಕಡೆ ಕಲ್ಲು ಕಪ್ಪಾಗಿ ಮಿರುಗುತ್ತಿದೆ.

4. ಮುಂದಿನ ಈಶಾನ್ಯದ ಶಿಲ್ಪಗಳು 16ನೇ ಶತಮಾನದವು, ಕೆತ್ತನೆ ಒರಟು. ಬೇಗ ದಾಟಿ, ಉಳಿದ ಸಮಯವನ್ನು ಕೊನೆಯ ಲಂಕಾಯುದ್ಧಕ್ಕೆ ಕೊಡಿ. ಹನುಮಂತನ ಹೆಗಲೇರಿದ ರಾಮನನ್ನು ಹುಡುಕಿ.

5. ಮೇಲಿನ ಅಂತಸ್ತಿಗೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಶಾಲು ಹೊದ್ದರೆ ಸಾಕೆಂದು ಹೇಳುವವರ ಮಾತು ನಂಬದೆ ತೋಳಿರುವ ಅಂಗಿಯನ್ನೇ ಹಾಕಿ. 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಬೌದ್ಧರ ಪವಿತ್ರ ದಿನಗಳಲ್ಲಿ ಯಾರನ್ನೂ ಬಿಡುವುದಿಲ್ಲ.

6. ಎರಡನೇ ದಿನ ಬಾಯೋನ್ ಮತ್ತು ತಾ ಪ್ರೋಮ್ ದೇಗುಲಗಳು. ಮೂರನೇ ದಿನ ಬೆಳಿಗ್ಗೆಯೇ, ಕ್ರಿ.ಶ. 967ರಲ್ಲಿ ಪ್ರತಿಷ್ಠೆಯಾದ ಬಾಂತೆಯ್ ಸ್ರೇ ದೇಗುಲ. ಅದರ ಕೆಂಗಲ್ಲಿನ ಸೂಕ್ಷ್ಮ ಕೆತ್ತನೆ ನಡುಹಗಲಿನ ಬಿಸಿಲಲ್ಲಿ ಚಪ್ಪಟೆಯಾಗಿ ಕಾಣುತ್ತದೆ.